ಅತ್ತೆಯವರ ಗುಣಕ್ಕಾಗಿ

ಇಪ್ಪತ್ತಾರು ವರ್ಷದಿಂದ ನಾನು ಬೇರೆಯವರ ತಪ್ಪು ಹುಡುಕಿ ಹೊಟ್ಟೆ ಹೊರೆಯುತ್ತಿದ್ದೇನೆ. ಹೀಗೆ ಹೇಳಿದರೆ ಜನ ನನ್ನ ಮುಖ ನೋಡುತ್ತಾರೆ. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ನನ್ನದು. ಮದುವೆಯ ಕರೆಯೋಲೆ, ಶಾಲೆಯ ಪ್ರಶ್ನೆಪತ್ರಿಕೆ, ಔಷಧಿ ಡಬ್ಬಿಯ ಮೇಲಿನ ಚೀಟಿ, ಯಾವುದೇ ಇರಲಿ, ಯಂತ್ರಕ್ಕೆ ಹೋಗುವ ಮೊದಲು ನನ್ನ ಮೇಜಿಗೆ ಬಂದು ಕೆಂಪು ಪೆನ್ನಿಗೆ ಮೈಯೊಡ್ಡಿಯೇ ಹೋಗಬೇಕು. ‘ವಧುವರರು’ ಎಂಬುದು ‘ವಧೆವರರು’ ಎಂದಾಗಿದ್ದ ಕರೆಯೋಲೆಯನ್ನು ಅಚ್ಚಾಗುವ ಹತ್ತು ನಿಮಿಷ ಮುಂಚೆ ಹಿಡಿದವಳು ನಾನು. ‘ದೇವರು ನಿಮ್ಮನ್ನು ಹರಸಲಿ’ ಎಂಬುದು ‘ಹರಿಯಲಿ’ ಎಂದಾಗಿದ್ದಾಗ ಹಿಡಿದವಳೂ ನಾನೇ. ಮಾಲೀಕರು ನನ್ನನ್ನು ‘ಹದ್ದಿನ ಕಣ್ಣಮ್ಮ’ ಎಂದು ಕರೆಯುತ್ತಾರೆ. ಅವರು ತಮಾಷೆಗೆ ಅನ್ನುತ್ತಾರೆ, ನಾನು ಒಳಗೊಳಗೇ ಹಿಗ್ಗುತ್ತೇನೆ.

ಅಂಥ ನಾನು ಕೈಯಾರೆ ಬರೆದು, ಕೈಯಾರೆ ತಿದ್ದಿ, ಕೈಯಾರೆ ಅಚ್ಚಿಗೆ ಕಳಿಸಿದ ಸಾಲು ಇದು: ‘ನಮ್ಮ ಅತ್ತೆಯವರ ಗುಣಕ್ಕಾಗಿ ದಯವಿಟ್ಟು ಪ್ರಾರ್ಥಿಸಿರಿ.’

ಕಾಗುಣಿತ ತಪ್ಪಿಲ್ಲ. ಒತ್ತಕ್ಷರ ಸರಿಯಿದೆ. ಕೊನೆಗೆ ಪೂರ್ಣವಿರಾಮವೂ ಇದೆ. ಇವತ್ತಿಗೂ ಅದರಲ್ಲಿ ಕೆಂಪು ಪೆನ್ನು ಊರಲು ಜಾಗ ಸಿಗುವುದಿಲ್ಲ.

ಇದನ್ನು ಬಿಡಿಸಿ ಹೇಳಬೇಕು. ನನಗೆ ಇಬ್ಬರು ಅತ್ತೆಯರು. ಒಬ್ಬಳು ಅಪ್ಪನ ಅಕ್ಕ. ಹೆತ್ತ ತಾಯಿ ನನ್ನ ನಾಲ್ಕನೆಯ ವರ್ಷಕ್ಕೆ ತೀರಿಕೊಂಡ ಮೇಲೆ ನನ್ನ ಜಡೆ ಹೆಣೆದು, ಜ್ವರಕ್ಕೆ ಹಣೆ ಒರೆಸಿ, ಸುಳ್ಳು ಹೇಳಿದರೆ ಬೆನ್ನಿಗೆ ಗುದ್ದಿ ಬೆಳೆಸಿದವಳು. ಮದುವೆಯಾಗಲಿಲ್ಲ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುತ್ತಿದ್ದಳು. ಅವಳನ್ನು ನಾನು ‘ಅತ್ತೆ’ ಎನ್ನುತ್ತೇನೆ, ‘ನೀನು’ ಎನ್ನುತ್ತೇನೆ. ಇನ್ನೊಬ್ಬರು ನಮ್ಮನೆಯವರ ತಾಯಿ. ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಹದಿನೆಂಟು ವರ್ಷದಿಂದ ಒಂದೇ ಸೂರಿನಡಿ ಇದ್ದೇವೆ. ಗಂಡ ಕರೆಯುವ ಹಾಗೆ ನಾನೂ ‘ಅಮ್ಮ’ ಎನ್ನುತ್ತೇನೆ, ‘ನೀವು’ ಎನ್ನುತ್ತೇನೆ. ಹಾಗಾಗಿ ನನ್ನ ಬಾಯಲ್ಲಿ ಅತ್ತೆ ಎಂದರೆ ಒಬ್ಬಳೇ. ಲೋಕದ ಬಾಯಲ್ಲಿ, ಮದುವೆಯಾದ ಹೆಂಗಸು ‘ನಮ್ಮ ಅತ್ತೆ’ ಅಂದರೆ ಯಾರು ಎಂದು ಯಾರೂ ಕೇಳುವುದಿಲ್ಲ.

ಆ ತಿಂಗಳು ಅತ್ತೆಯ ಹೃದಯದ ಕವಾಟ ಕೆಟ್ಟಿದೆ ಎಂದು ವೈದ್ಯರು ಹೇಳಿ ಆಪರೇಷನ್ನಿಗೆ ಒಂದು ಗುರುವಾರವನ್ನು ಗೊತ್ತುಮಾಡಿದರು. ನಾನು ಮಾಡಿದ ಮೊದಲ ಕೆಲಸ ನಮ್ಮ ಚರ್ಚಿನ ವಾರದ ಹಾಳೆಗೆ ಪ್ರಾರ್ಥನಾ ವಿನಂತಿ ಬರೆದದ್ದು. ಆ ಹಾಳೆ ನಮ್ಮಲ್ಲೇ ಅಚ್ಚಾಗುತ್ತದೆ, ಶನಿವಾರ ಅದರ ಕರಡು ನೋಡುವವಳು ನಾನೇ. ನಾನೇ ಕೂತು ಪ್ರಾರ್ಥಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸಭೆಯಲ್ಲಿ ನಾನು ಪ್ರಾರ್ಥನೆಗೆ ಹೆಸರಾದವಳು. ಕರ್ತೃ, ಕರ್ಮ, ಕ್ರಿಯಾಪದ ಎಲ್ಲವೂ ಅದರದರ ಜಾಗದಲ್ಲಿ ಕೂತ ಪ್ರಾರ್ಥನೆ. ಆದರೆ ಅದು ನಾಲ್ಕು ಜನ ಕಣ್ಣು ಮುಚ್ಚಿ ಕೇಳುತ್ತಿರುವಾಗ ಮಾತ್ರ ಬರುತ್ತಿತ್ತು. ಒಬ್ಬಳೇ ಕೂತರೆ ನನಗೂ ದೇವರಿಗೂ ಆಡುವುದಕ್ಕೆ ಮಾತಿರಲಿಲ್ಲ. ಎಷ್ಟು ವರ್ಷದಿಂದ ಹಾಗೆ ಎಂದು ಲೆಕ್ಕ ಹಾಕುವ ಧೈರ್ಯವೂ ಇರಲಿಲ್ಲ.

ಭಾನುವಾರ ಪಾದ್ರಿಗಳು ಹಾಳೆಯ ಕೊನೆಯ ಪುಟ ಓದಿದರು. ಕಾಲು ಮುರಿದುಕೊಂಡ ಬಡಗಿ, ಪರೀಕ್ಷೆ ಬರೆಯುವ ಮಕ್ಕಳು, ದೂರ ಪ್ರಯಾಣ ಹೊರಟವರು, ಆಮೇಲೆ ನನ್ನ ಸಾಲು. ಅದನ್ನು ಓದಿ ಪಾದ್ರಿಗಳು ಗಂಟಲು ಸರಿಮಾಡಿಕೊಂಡರು. ಹಾಡುವವರ ಸಾಲಿನಲ್ಲಿ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ತಿಳಿಯಿತು. ಮೂರನೆಯ ಬೆಂಚಿನ ಕಿಟಕಿ ಪಕ್ಕ ಅಮ್ಮನ ಜಾಗ. ನಲವತ್ತೊಂದು ವರ್ಷದಿಂದ ಅಲ್ಲಿ ಬೇರೆ ಯಾರೂ ಕೂತವರಿಲ್ಲ. ಅಮ್ಮ ಕನ್ನಡಕ ಹಾಕಿಕೊಂಡು ಹಾಳೆ ನೋಡಿದರು, ಕನ್ನಡಕ ತೆಗೆದರು, ಹಾಳೆಯನ್ನು ಎರಡಾಗಿ, ಮತ್ತೆ ನಾಲ್ಕಾಗಿ ಮಡಿಸಿ ಕೈಚೀಲಕ್ಕೆ ಹಾಕಿಕೊಂಡರು. ಇಡೀ ಸಭೆ ನಮ್ಮ ಅತ್ತೆಯವರ ಗುಣಕ್ಕಾಗಿ ಮೊಣಕಾಲೂರಿತು. ಅಮ್ಮನೂ ಊರಿದರು.

ಹೊರಗೆ ಮೆಟ್ಟಿಲ ಮೇಲೆ ನಮ್ಮ ಬೀದಿಯ ದರ್ಜಿ ಅಕ್ಕ ನನ್ನ ಕೈ ಹಿಡಿದಳು. ಅವಳಿಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ.

“ನಿನ್ನ ಧೈರ್ಯ ಮೆಚ್ಚಿದೆ ಕಣೇ. ಅತ್ತೆ ಗುಣ ಸರಿಹೋಗ್ಲಿ ಅಂತ ನಾವೆಲ್ಲ ಮನಸ್ಸಲ್ಲೇ ಬೇಡ್ಕೊಂಡವರು. ಅಚ್ಚು ಹಾಕ್ಸಿದವಳು ನೀನೊಬ್ಬಳೇ.”

ನನಗೇನೂ ಹೊಳೆದೇ ಇರಲಿಲ್ಲ ಎಂದು ನಾನು ಅವಳಿಗೆ ಹೇಳಿದೆ. ಪಾದ್ರಿಗಳಿಗೂ ಹೇಳಿದೆ. ಸಿಕ್ಕಿದವರಿಗೆಲ್ಲ ಅದನ್ನೇ ಹೇಳಿದೆ. ‘ಗುಣ’ ಎಂದರೆ ಕಾಯಿಲೆ ವಾಸಿಯಾಗುವುದು, ನಾನು ಬರೆದದ್ದು ಆ ಅರ್ಥದಲ್ಲಿ, ಸ್ವಭಾವ ಎಂಬ ಅರ್ಥದಲ್ಲಿ ಅಲ್ಲ. ಮತ್ತೆ, ಅದು ನಮ್ಮ ಸೋದರತ್ತೆಯ ವಿಷಯ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿ, ಅತ್ತ ತಿರುಗಿ ನಕ್ಕರು.

ನಮ್ಮನೆಯವರು ಗಡಿಯಾರ ರಿಪೇರಿ ಮಾಡುವವರು. ಸಣ್ಣ ಸಣ್ಣ ಚಕ್ರಗಳ ಜೊತೆ ಕೂತು ಕೂತು ಮನುಷ್ಯರ ಜಗಳ ಕೈಗೆ ಹಿಡಿಯದಷ್ಟು ದೊಡ್ಡದು ಎಂದು ತೀರ್ಮಾನಿಸಿಬಿಟ್ಟಿದ್ದಾರೆ. ದಾರಿಯಲ್ಲಿ ಒಂದೇ ಮಾತು ಆಡಿದರು. “ಆರೋಗ್ಯಕ್ಕಾಗಿ ಅಂತ ಬರೀಬಾರದಿತ್ತಾ?” ಮನೆಗೆ ಬಂದವರೇ ಒಂದು ಗೋಡೆ ಗಡಿಯಾರ ಬಿಚ್ಚಿಕೊಂಡು ಕೂತರು.

ಅಮ್ಮ ಊಟದ ಮೇಜಿನ ಮೇಲೆ ಹಾಳೆ ಬಿಡಿಸಿ ಇಟ್ಟರು.

“ನನ್ನ ಗುಣಕ್ಕೆ ಏನಾಗಿದೆ ಅಂತ ಹೇಳ್ತೀಯಾ? ನಾಳೆ ಯಾರಾದ್ರೂ ಕೇಳಿದ್ರೆ ನನಗೂ ಗೊತ್ತಿರ್ಬೇಕಲ್ಲ.”

“ಅಯ್ಯೋ ಅಮ್ಮ, ಅದು ನಿಮ್ಮ ವಿಷಯ ಅಲ್ಲವೇ ಅಲ್ಲ. ನಮ್ಮತ್ತೆ ಗುಣ ಆಗ್ಲಿ ಅಂತ ಬರೆದದ್ದು.”

“ಗುಣ ಆಗ್ಲಿ ಅಂತ ಇಲ್ಲ. ಗುಣಕ್ಕಾಗಿ ಅಂತ ಇದೆ.”

“ಅದೊಂದು ಮುದ್ರಣದೋಷ ಅಮ್ಮ.”

“ಮುದ್ರಣದೋಷ,” ಎಂದರು ಅಮ್ಮ, ತರಗತಿಯಲ್ಲಿ ಮಗು ಹೇಳಿದ ತಪ್ಪು ಉತ್ತರವನ್ನು ತಿರುಗಿ ಹೇಳಿ ತೋರಿಸುವ ಹಾಗೆ. ಹಾಳೆಯನ್ನು ಅದೇ ಮಡಿಕೆಗಳಲ್ಲಿ ಮಡಿಸಿ ಕೋಣೆಗೆ ಹೋದರು.

ಅಮ್ಮ ಮಾತು ಬಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಬಿಡಲಿಲ್ಲ. ಮರ್ಯಾದೆಯಿಂದ ಮಾತಾಡಿದರು. ಹದಿನೆಂಟು ವರ್ಷ ನಾನು ಕೇಳಿದ್ದು ಬೇರೆಯೇ ರಾಗ. ಹಾಲು ಉಕ್ಕಿಸಬೇಡ, ಪಾತ್ರೆ ಹೀಗೆ ಬೋರಲು ಹಾಕಬೇಡ, ಹೊದಿಕೆ ಮಡಿಸುವುದು ಹಾಗಲ್ಲ, ಅಂಚಿಗೆ ಅಂಚು ಕೂಡಿಸು. ಹೊದಿಕೆ ವಿಷಯಕ್ಕೆ ನಾವು ಆಡಿಕೊಂಡ ಮಾತನ್ನು ಅಚ್ಚು ಹಾಕಿಸಿದರೆ ಎರಡು ಸಂಪುಟವಾದೀತು. ಈಗ ನಾನು ಬೇಕೆಂದೇ ಹೊದಿಕೆಯನ್ನು ಮುದ್ದೆ ಮಾಡಿ ಇಟ್ಟರೂ ಅಮ್ಮ ಅದರ ಪಕ್ಕದಲ್ಲೇ ಹಾದು ಹೋಗುತ್ತಿದ್ದರು. ಚಹಾ ಕೊಟ್ಟರೆ ‘ನಿನಗೆ ತೊಂದರೆ ಆಯ್ತು’ ಎನ್ನುತ್ತಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಅಮ್ಮನ ಗುಣ ಒಂದೇ ಸಾಲಿಗೆ ಹೋಗಿಬಿಟ್ಟಿತ್ತು. ದರ್ಜಿ ಅಕ್ಕ ಬೀದಿಯಲ್ಲಿ ಸಿಕ್ಕಿ, “ಏನಾದ್ರೂ ಗುಣ ಕಾಣಿಸ್ತಾ ಇದೆಯಾ?” ಎಂದು ಕೇಳಿದಾಗ ನನಗೆ ನಗು ಬರಲಿಲ್ಲ. ಸಭೆ ಬೇಡಿದ್ದು ಸಿಕ್ಕಿತ್ತು, ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ.

ಶನಿವಾರ ನಾನು ಹಾಳೆಗೆ ಒಪ್ಪೋಲೆ ಸೇರಿಸಿದೆ. ಒಪ್ಪೋಲೆ ಎಂದರೆ ಹಿಂದೆ ಬಿದ್ದ ತಪ್ಪು ಯಾವುದು, ಸರಿ ಯಾವುದು ಎಂದು ಅಚ್ಚು ಹಾಕಿ ಒಪ್ಪಿಕೊಳ್ಳುವುದು. ‘ಮುದ್ರಣದೋಷ: ಅತ್ತೆಯವರ ಗುಣಕ್ಕಾಗಿ ಎಂದಿರುವುದನ್ನು ಸೋದರತ್ತೆಯವರು ಗುಣಮುಖರಾಗಲೆಂದು ಎಂದು ಓದಿಕೊಳ್ಳಿ.’ ಅದನ್ನು ಅಮ್ಮನ ಕೈಗೆ ಮೊದಲೇ ಕೊಟ್ಟೆ. ಅಮ್ಮ ಓದಿ, “ವ್ಯಾಕರಣ ಸರಿಯಾಗಿದೆ,” ಎಂದರು. ಮಾರನೆಯ ದಿನ ಚರ್ಚಿಗೆ ಹೊರಡಲಿಲ್ಲ. ಮೂರನೆಯ ಬೆಂಚಿನ ಕಿಟಕಿ ಪಕ್ಕ ಜಾಗ ಖಾಲಿ. ಬಂದವರೆಲ್ಲ ಆ ಜಾಗವನ್ನು ನೋಡಿ ಆಮೇಲೆ ನನ್ನನ್ನು ನೋಡಿದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಯಾರೋ ಹಿಂದೆ ಗೊಣಗಿದ್ದು ನನಗೆ ಕೇಳಿಸಿತು. ಇದು ಸೊಸೆಯ ಕಾಲವಾಗಿದ್ದರೆ ನನಗದು ಬೇಡವಾಗಿತ್ತು.

ಮಂಗಳವಾರ ಕೆಲಸ ಮುಗಿಸಿ ಆಸ್ಪತ್ರೆಗೆ ಹೋದೆ. ಅತ್ತೆಯನ್ನು ಹಿಂದಿನ ದಿನವೇ ಸೇರಿಸಿದ್ದೆವು. ಆರು ಮಂಚಗಳ ಕೋಣೆ, ಅವಳದು ಬಾಗಿಲ ಪಕ್ಕದ್ದು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅತ್ತೆ ಎದೆಗೆ ದಿಂಬು ಒತ್ತಿಕೊಂಡು ನಕ್ಕಳು. ಪಕ್ಕದ ಮಂಚದವರು ನರ್ಸನ್ನು ಕರೆಯಬೇಕೇ ಎಂದು ನೋಡುವಷ್ಟು ನಕ್ಕಳು.

“ಪಾಪ ನಿಮ್ಮಮ್ಮ,” ಎಂದಳು, ಕಣ್ಣೊರೆಸಿಕೊಂಡು. “ಕಾಯಿಲೆ ನಂದು, ಔಷಧಿ ಅವ್ರಿಗೆ.” ಆಮೇಲೆ ನಗು ಹೋಯಿತು. “ಅದ್ಸರಿ, ನೀನು ಕೇಳಿದ್ಯಾ?”

“ಏನು?”

“ನನ್ನ ವಿಷಯ. ಸಭೆಯವರು ಯಾರ ಗುಣಕ್ಕೋ ಕೇಳಿದ್ರು. ಪಾದ್ರಿಗಳು ಹಾಳೆಯಲ್ಲಿ ಇದ್ದದ್ದು ಓದಿದ್ರು. ನೀನು ಕೂತ್ಕೊಂಡು ಕೇಳಿದ್ಯಾ?”

ನನಗೆ ಸುಳ್ಳು ಹೇಳಲು ಆಗಲಿಲ್ಲ. ಬೆನ್ನಿಗೆ ಗುದ್ದು ಬಿದ್ದ ನೆನಪು ಈಗಲೂ ಇದೆ. “ಬರಲ್ಲ ಅತ್ತೆ,” ಎಂದೆ. “ಕೂತ್ರೆ ವಾಕ್ಯ ಬರುತ್ತೆ, ತಿದ್ದುತ್ತೀನಿ, ಅಷ್ಟೇ.”

ಅತ್ತೆ ಹೇಗೆ ಪ್ರಾರ್ಥಿಸುತ್ತಿದ್ದಳು ಎಂದು ನನಗೆ ಗೊತ್ತು. ಚಿಕ್ಕವಳಿದ್ದಾಗ ಅಡುಗೆಮನೆಯಲ್ಲಿ ಯಾರೋ ನೆಂಟರು ಬಂದಿದ್ದಾರೆ ಎಂದುಕೊಂಡು ಓಡಿಹೋಗಿ ನೋಡಿದರೆ ಅವಳೊಬ್ಬಳೇ ಇರುತ್ತಿದ್ದಳು. ಬಟ್ಟಲು ತೊಳೆಯುತ್ತಾ, ‘ನೋಡು, ಇವತ್ತು ಮೇಲ್ವಿಚಾರಕರಿಗೆ ಎದುರು ಮಾತಾಡ್ದೆ, ತಪ್ಪು ನಂದೇ, ಆದ್ರೂ ಅವ್ರಿಗೂ ಸ್ವಲ್ಪ ಬುದ್ಧಿ ಕೊಡು’ ಎಂದು ಹೇಳಿಕೊಳ್ಳುತ್ತಿದ್ದಳು. ಆಮೇಲೆ ನಲ್ಲಿ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದಳು. ದೇವರಿಗೆ ಅವಳೂ ‘ನೀನು’ ಎನ್ನುತ್ತಿದ್ದಳು, ನಾನೂ ‘ನೀನು’ ಎನ್ನುತ್ತೇನೆ. ಅವಳ ‘ನೀನು’ ಅವಳು ಸಲಿಗೆಯಿಂದ ಸಂಪಾದಿಸಿದ್ದು. ನನ್ನದು ಪುಸ್ತಕದಲ್ಲಿ ಹಾಗೆ ಅಚ್ಚಾಗಿದೆ ಎಂದು ಹೇಳಿದ್ದು.

“ಎಕ್ಸ್‌ಚೇಂಜಲ್ಲಿ ಮೊದಲ ದಿನ ನಮಗೆ ಹೇಳ್ಕೊಟ್ಟದ್ದು ಒಂದೇ,” ಎಂದಳು ಅತ್ತೆ. “ಕೇಳೋದು ಅಂದ್ರೆ ಎರಡು ಕೆಲಸ. ನಾವು ಕೇಳ್ಬೇಕು. ಕೇಳಾದ್ಮೇಲೆ ಬಾಯಿ ಮುಚ್ಕೊಂಡು ಆ ಕಡೆಯವ್ರು ಹೇಳೋದನ್ನೂ ಕೇಳ್ಬೇಕು. ಹೊಸಬರೆಲ್ಲ ಮೊದಲನೇದು ಮಾಡಿ ಫೋನ್ ಇಟ್ಬಿಡ್ತಿದ್ರು.”

ಅವಳು ಹೊದಿಕೆಯ ಅಂಚನ್ನು ಬೆರಳಲ್ಲಿ ಸುತ್ತಿಕೊಳ್ಳುತ್ತಿದ್ದಳು. “ನನಗೆ ಭಯ ಆಗ್ತಿದೆ ಕಣೇ. ಇಷ್ಟು ವರ್ಷ ಅವನ ಜೊತೆ ಮಾತಾಡಿದೀನಿ, ಆದ್ರೂ ಭಯ ಆಗ್ತಿದೆ. ಗುರುವಾರ ಒಳಗೆ ಹೋಗೋ ಮುಂಚೆ, ನನ್ನವಳೊಬ್ಬಳು ನಿಜವಾಗ್ಲೂ ಕೇಳಿದಾಳೆ ಅಂತ ಗೊತ್ತಾದ್ರೆ ನನಗೆ ಸಾಕು. ಅಚ್ಚು ಹಾಕಿದ್ದು ಬೇಡ.”

ಅತ್ತೆ ಭಯ ಎಂಬ ಮಾತನ್ನು ಆಡಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಬಸ್ಸಿನಲ್ಲಿ ಮನೆವರೆಗೂ ಅದೇ ಮಾತು ಕಿವಿಯಲ್ಲಿತ್ತು.

ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ ಯಂತ್ರ ನಿಂತಿತು. ಎಲ್ಲರೂ ಹೊರಗೆ ಹೋದರು. ಶಾಯಿಯ ವಾಸನೆ, ಕತ್ತರಿಸಿದ ಕಾಗದದ ಚೂರು, ನನ್ನ ಮೇಜು, ನಾನು. ಕಣ್ಣು ಮುಚ್ಚಿದೆ. ‘ಕರುಣಾಮಯನಾದ ತಂದೆಯೇ, ನಿನ್ನ ದಾಸಿಯಾದ ನಾನು’ ಎಂದು ಶುರುಮಾಡಿದೆ. ನಾನು ಯಾವಾಗ ಯಾರಿಗೆ ದಾಸಿಯಾಗಿದ್ದೆ? ಹೊಡೆದುಹಾಕಿದೆ. ‘ನಿನ್ನ ಚಿತ್ತವಾದರೆ ಆಕೆಯನ್ನು’ ಎಂದೆ. ಚಿತ್ತವಾಗದಿದ್ದರೆ? ನಾನು ಒಪ್ಪುವವಳಲ್ಲ. ಅದನ್ನೂ ಹೊಡೆದುಹಾಕಿದೆ. ಹೀಗೇ ಹೊಡೆಯುತ್ತಾ ಹೋದರೆ ಕೊನೆಗೆ ಉಳಿದದ್ದು ಎರಡೇ ಮಾತು. ಕಣ್ಣು ಬಿಟ್ಟು, ಎದುರಿಗಿದ್ದ ಖಾಲಿ ಕುರ್ಚಿಯನ್ನು ನೋಡಿಕೊಂಡು ಜೋರಾಗಿ ಹೇಳಿದೆ.

“ನೋಡು. ಅತ್ತೆ ಸಾಯಬಾರದು.”

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ನಾಲ್ಕು ವರ್ಷದ ಹುಡುಗಿಯ ದನಿಯ ಹಾಗಿತ್ತು. ಮೂಗು ಸೋರಲು ಶುರುವಾಯಿತು. ಕರಡು ಹಾಳೆಯಲ್ಲೇ ಒರೆಸಿಕೊಂಡೆ. ಆಮೇಲೆ ಅತ್ತೆ ಹೇಳಿದ ಹಾಗೆ ಬಾಯಿ ಮುಚ್ಚಿಕೊಂಡು ಕೂತೆ.

ಆಕಾಶವಾಣಿ ಏನೂ ಆಗಲಿಲ್ಲ. ಆ ಸುಮ್ಮನಿರುವಿಕೆಯಲ್ಲಿ ನನಗೆ ಕಂಡದ್ದು ಅಮ್ಮನ ಕೈ. ಹಾಳೆಯನ್ನು ಎರಡಾಗಿ, ನಾಲ್ಕಾಗಿ ಮಡಿಸುತ್ತಿರುವ ಕೈ. ನನಗೆ ಸಿಟ್ಟೇ ಬಂತು. ನಾನು ಕೇಳಿದ್ದು ಈ ಅತ್ತೆಯ ವಿಷಯ ಅಲ್ಲ ಎಂದೆ, ಮತ್ತೆ ಜೋರಾಗಿಯೇ. ಮತ್ತೆ ಸುಮ್ಮನಾದೆ. ಮತ್ತೆ ಅದೇ ಕೈ. ಅದರ ಹಿಂದೆಯೇ ವಿನಂತಿ ಬರೆದ ಆ ಶನಿವಾರ ಬಂತು.

ಆ ಶನಿವಾರ ನಾನು ಮೊದಲು ಬರೆದದ್ದು ‘ನಮ್ಮ ಸೋದರತ್ತೆಯವರು ಬೇಗ ಗುಣಮುಖರಾಗಲೆಂದು ದಯವಿಟ್ಟು ಪ್ರಾರ್ಥಿಸಿರಿ’ ಎಂದು. ಅದು ಒಂದು ಸಾಲಿನಲ್ಲಿ ಹಿಡಿಸಲಿಲ್ಲ. ನಾಲ್ಕು ಅಕ್ಷರ ಕೆಳಗಿನ ಸಾಲಿಗೆ ಇಳಿಯುತ್ತಿತ್ತು, ಪುಟ ಅಂದಗೆಡುತ್ತಿತ್ತು. ‘ಸೋದರ’ ತೆಗೆದೆ. ‘ಬೇಗ ಗುಣಮುಖರಾಗಲೆಂದು’ ಎಂಬುದನ್ನು ‘ಗುಣಕ್ಕಾಗಿ’ ಮಾಡಿದೆ. ಆಗ ನನಗೆ ಕಂಡಿತು. ಹದ್ದಿನ ಕಣ್ಣಮ್ಮನಿಗೆ ಕಾಣದೆ ಇರುತ್ತದೆಯೇ? ಇನ್ನೊಂದು ಅರ್ಥ ಪೂರ್ತಿಯಾಗಿ, ಸ್ಪಷ್ಟವಾಗಿ ಕಂಡಿತು. ಬೆಳಿಗ್ಗೆಯಷ್ಟೇ ಹೊದಿಕೆಯ ವಿಷಯಕ್ಕೆ ಅಮ್ಮನ ಹತ್ತಿರ ಅನ್ನಿಸಿಕೊಂಡು ಬಂದಿದ್ದೆ. ನನ್ನ ತುಟಿಯ ಮೇಲೆ ಒಂದು ಸಣ್ಣ ನಗು ಬಂತು. ಯಾರಿಗೂ ಹೊಳೆಯುವುದಿಲ್ಲ ಬಿಡು ಎಂದುಕೊಂಡೆ. ಹೊಳೆದರೂ ಹೊಳೆಯಲಿ ಎಂದುಕೊಂಡೆ. ಹಾಳೆಯ ಮೂಲೆಯಲ್ಲಿ ‘ಸರಿ ಇದೆ’ ಎಂದು ಗುರುತು ಹಾಕಿ ಕಳಿಸಿದೆ.

ಅತ್ತೆಯ ಪ್ರಾಣಕ್ಕಾಗಿ ಬರೆದ ಸಾಲಿನಲ್ಲಿ ನಾನು ಅಮ್ಮನಿಗೆ ಒಂದು ಚುಚ್ಚು ಸೇರಿಸಿದ್ದೆ. ಅದನ್ನು ದೇವರ ಹೆಸರಿನ ಹಾಳೆಯಲ್ಲಿ ಇಟ್ಟಿದ್ದೆ. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಹುಡುಕಿದರು ಎಂಬ ಗಾದೆಯನ್ನು ನಾನೇ ಎಷ್ಟೋ ಪುಸ್ತಕಗಳಲ್ಲಿ ತಿದ್ದಿದ್ದೇನೆ, ಹೆಗ್ಗಣಕ್ಕೆ ಗ-ಒತ್ತು ಸರಿಯಿದೆಯೇ ಎಂದು ನೋಡಿದ್ದೇನೆ. ನನಗೆ ನಾಚಿಕೆಯಾಯಿತು. ಮೈಯೆಲ್ಲ ಬಿಸಿಯಾಗುವಂಥ ನಾಚಿಕೆ. ಆದರೆ ಒಂದು ವಿಚಿತ್ರ ಹೇಳಬೇಕು. ಆ ನಾಚಿಕೆಯಲ್ಲಿ ನಾನು ಒಬ್ಬಳೇ ಇದ್ದೇನೆ ಅನಿಸಲಿಲ್ಲ. ಬೈಯಲು ಕೂತವರ ಎದುರು ಇದ್ದ ಹಾಗೆಯೂ ಅನಿಸಲಿಲ್ಲ. ಮೊದಲಿನಿಂದ ಎಲ್ಲ ಗೊತ್ತಿದ್ದು, ನಾನೇ ಹೇಳಲಿ ಎಂದು ಕಾಯುತ್ತಿದ್ದವರ ಎದುರು ಕೂತ ಹಾಗಿತ್ತು.

ಮಾಲೀಕರಿಗೆ ಚೀಟಿ ಬರೆದಿಟ್ಟು ಮನೆಗೆ ಹೋದೆ.

ಅಮ್ಮ ಅವರ ಕೋಣೆಯ ಕಿಟಕಿ ಪಕ್ಕ ಕೂತಿದ್ದರು. ನಾನು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋಗಿದ್ದೆ. ಅಮ್ಮ ಚಪ್ಪಲಿ ನೋಡಿದರು, ಏನೂ ಅನ್ನಲಿಲ್ಲ.

“ಅಮ್ಮ, ಅದು ಮುದ್ರಣದೋಷ ಅಲ್ಲ,” ಎಂದೆ. “ಬರೀವಾಗ್ಲೇ ನನಗೆ ಕಾಣಿಸಿತ್ತು. ಎರಡು ಅರ್ಥ ಬರುತ್ತೆ ಅಂತ ಗೊತ್ತಾಯ್ತು. ನಗು ಬಂತು. ಬಿಟ್ಟೆ.”

ಅಮ್ಮ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

“ಗೊತ್ತಿತ್ತು,” ಎಂದರು. “ಔಷಧಿ ಡಬ್ಬಿ ಮೇಲಿನ ಚೀಟೀಲೂ ತಪ್ಪು ಹುಡುಕೋಳು ನೀನು. ನಿನಗೆ ಇದು ಕಾಣಿಸ್ಲಿಲ್ಲ ಅಂದ್ರೆ ನಾನು ನಂಬ್ತೀನಾ?”

“ಮತ್ತೆ ಯಾಕೆ ಸುಮ್ನಿದ್ರಿ?”

“ತಪ್ಪು ಮಾಡ್ದೆ ಅಮ್ಮ ಅಂದಿದ್ರೆ ಅವತ್ತೇ ಮುಗೀತಿತ್ತು. ನೀನು ಮುದ್ರಣದೋಷ ಅಂದೆ. ಪಾಪದ ಯಂತ್ರದ ಮೇಲೆ ಹಾಕ್ದೆ. ಅದಕ್ಕೆ ಒಪ್ಪೋಲೆ ಬೇರೆ.”

ನಾನು ಅವರ ಮಂಚದ ತುದಿಯಲ್ಲಿ ಕೂತೆ. ಹದಿನೆಂಟು ವರ್ಷದಲ್ಲಿ ಅಲ್ಲಿ ನಾನು ಕೂತದ್ದಿಲ್ಲ. “ತಪ್ಪು ಮಾಡ್ದೆ ಅಮ್ಮ,” ಎಂದೆ. ಅದಕ್ಕಿಂತ ಉದ್ದದ ವಾಕ್ಯ ಬರಲಿಲ್ಲ.

ಅಮ್ಮ ಕೈಚೀಲದಿಂದ ಆ ಹಾಳೆ ತೆಗೆದರು. ನಾಲ್ಕು ಮಡಿಕೆಗಳೂ ಸವೆದು ನಡುವೆ ಒಂದು ಸಣ್ಣ ತೂತೇ ಆಗಿತ್ತು.

“ನೀನು ಹೇಗೇ ಬರೆದಿರು,” ಎಂದರು, “ಬರೆದದ್ದು ಸುಳ್ಳಾ ಅಂತ ದಿನಾ ಬೆಳಿಗ್ಗೆ ಇದನ್ನ ಬಿಡಿಸ್ಕೊಂಡು ಕೇಳ್ತಾ ಇದ್ದೀನಿ. ಎಪ್ಪತ್ತಾರು ವರ್ಷ ಆಯ್ತು. ಮೂವತ್ತು ವರ್ಷ ಮಕ್ಕಳ ಗುಣ ಇಷ್ಟು, ಅಷ್ಟು ಅಂತ ಬರೆದು ಕೊಟ್ಟೆ. ನನ್ನದನ್ನ ಯಾರೂ ನೋಡಿರ್ಲಿಲ್ಲ. ಭಾನುವಾರ ಆ ಬೆಂಚಲ್ಲಿ ಹೋಗಿ ಕೂರೋಕೆ ನಾಚಿಕೆ ಆಯ್ತು. ನಿನ್ನ ಮೇಲಿನ ಕೋಪಕ್ಕೆ ಅಲ್ಲ.”

ನಾನು ಅವರು ಕೋಪ ಮಾಡಿಕೊಂಡಿದ್ದಾರೆ ಎಂದು ಓದಿಕೊಂಡಿದ್ದೆ. ಹತ್ತು ದಿನ ಅವರನ್ನು ತಪ್ಪಾಗಿ ಓದಿದ್ದೆ. ನಾನು ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ. ಅಮ್ಮ ನನ್ನ ಹಿಂದೆ ಮಂಚದ ಮೇಲೆ ಕಣ್ಣು ಹಾಯಿಸಿದರು.

“ಆ ಹೊದಿಕೆ ನೀನೇ ಮಡಿಸಿದ್ದಾ?”

“ಹೂಂ.”

“ಅಂಚಿಗೆ ಅಂಚು ಕೂಡಿಲ್ಲ.”

ನನಗೆ ಅಳು ಬಂತು. ಅಷ್ಟು ಸಂತೋಷದ ಅಳು ನಾನು ಅತ್ತದ್ದು ಕಡಿಮೆ. ಎದ್ದು ಹೊದಿಕೆ ಬಿಡಿಸಿದೆ. ಅಮ್ಮ ಎರಡು ಮೂಲೆ ಹಿಡಿದರು, ನಾನು ಎರಡು ಮೂಲೆ ಹಿಡಿದೆ.

“ಗುರುವಾರ ಎಷ್ಟು ಗಂಟೆಗೆ?” ಎಂದರು ಮಡಿಸುತ್ತಾ.

“ನಾಳೇನೇ. ಏಳೂವರೆಗೆ ಒಳಗೆ ಕರ್ಕೊಂಡು ಹೋಗ್ತಾರೆ.”

“ನಾನೂ ಬರ್ತೀನಿ.”

ಬೆಳಿಗ್ಗೆ ನಾವು ಮೂವರೂ ಹೋದೆವು. ನಮ್ಮನೆಯವರು ಕೆಳಗೆ ಕಾಗದಪತ್ರದ ಸಾಲಿನಲ್ಲಿ ನಿಂತರು. ಅತ್ತೆಯನ್ನು ಗಾಲಿಮಂಚದಲ್ಲಿ ತಳ್ಳಿಕೊಂಡು ಬಂದಾಗ ಮುಖ ಸಣ್ಣದಾಗಿತ್ತು. ಹಲ್ಲಿನ ಸೆಟ್ಟು ತೆಗೆಸಿದ್ದರು. ನಾನು ಬಗ್ಗಿ, “ಕೇಳ್ದೆ ಅತ್ತೆ,” ಎಂದೆ. ಅವಳು ನನ್ನನ್ನು ನೋಡಿದಳು. ನನ್ನ ಹಿಂದೆ ಅಮ್ಮ ನಿಂತಿದ್ದನ್ನೂ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಗಾಲಿ ಮುಂದೆ ಹೋಯಿತು, ಬಾಗಿಲು ಮುಚ್ಚಿತು.

ಕಾಯುವವರಿಗೆ ಒಂದು ಉದ್ದನೆಯ ಬೆಂಚು ಹಾಕಿದ್ದರು. ಅಮ್ಮ ಕಿಟಕಿಯ ತುದಿಯನ್ನೇ ಹಿಡಿದರು. ಸ್ವಲ್ಪ ಹೊತ್ತಾದ ಮೇಲೆ, “ಪ್ರಾರ್ಥನೆ ಮಾಡು,” ಎಂದರು. ನಾನು ಅಭ್ಯಾಸಬಲದಿಂದ ‘ಸರ್ವಶಕ್ತನಾದ’ ಎಂದು ಶುರುಮಾಡಿ ನಿಲ್ಲಿಸಿದೆ. ಕೈ ಮಡಿಲಲ್ಲಿಟ್ಟುಕೊಂಡೆ.

“ನೋಡು,” ಎಂದೆ. “ಒಳಗೆ ನಮ್ಮತ್ತೆ ಇದ್ದಾಳೆ. ಅವಳಿಗೆ ಭಯ ಆಗ್ತಿದೆ. ನನಗೂ ಆಗ್ತಿದೆ. ಅವಳನ್ನ ಗುಣ ಮಾಡು.”

ಅಷ್ಟರಲ್ಲಿ ಅಮ್ಮ ನೆಲ ನೋಡಿಕೊಂಡು, ನನಗಲ್ಲ, ಹೇಳಿದರು.

“ಹೊರಗೂ ಇಬ್ಬರು ಕೂತಿದ್ದೀವಿ. ನಮ್ಮನ್ನೂ ಮಾಡು.”

ಆಮೇಲೆ ನಾವು ಬಾಯಿ ಮುಚ್ಚಿಕೊಂಡು ಕೂತೆವು. ನಾಲ್ಕು ಗಂಟೆಗಳ ಕಾಲ. ನರ್ಸುಗಳು ಹೋದರು, ಬಂದರು, ಯಾರೋ ನೆಲ ಒರೆಸಿದರು, ಬಿಸಿಲು ಕಿಟಕಿಯಿಂದ ಇಳಿದು ಅಮ್ಮನ ಮೊಣಕಾಲಿಗೆ ಬಂತು. ನನಗೆ ಯಾವ ಉತ್ತರವೂ ಕೇಳಿಸಲಿಲ್ಲ. ಭಯವೂ ಹೋಗಲಿಲ್ಲ. ಆದರೆ ಅಷ್ಟು ಹೊತ್ತಿನಲ್ಲಿ ಒಂದು ಸಲವೂ ಆ ಕಡೆ ಯಾರೂ ಇಲ್ಲ ಎಂದು ನನಗೆ ಅನಿಸಲಿಲ್ಲ.

ಸಂಜೆ ಐದರ ಹೊತ್ತಿಗೆ ಒಬ್ಬೊಬ್ಬರನ್ನು ಒಳಗೆ ಬಿಟ್ಟರು. ಅತ್ತೆಯ ಮೂಗಿಗೆ, ಕೈಗೆ, ಎಲ್ಲೆಲ್ಲೋ ನಳಿಗೆಗಳು. ಕವಾಟ ಕೂತಿದೆ, ಮುಂದಿನ ಎರಡು ದಿನ ನೋಡಬೇಕು ಎಂದು ವೈದ್ಯರು ಹೇಳಿದ್ದರು. ನಾನು ಕಿವಿಯ ಹತ್ತಿರ ಹೋಗಿ ಕರೆದೆ. ಕಣ್ಣು ಅರ್ಧ ತೆರೆಯಿತು. ತುಟಿ ಅಲ್ಲಾಡಿತು. ಹಲ್ಲಿಲ್ಲದ ಬಾಯಿಂದ ಮಾತು ಗಾಳಿಯ ಹಾಗೆ ಬಂತು.

“ಕೇಳಿದ್ಯಾ?”

ಒಳಗೆ ಹೋಗುವ ಮೊದಲೇ ಹೇಳಿದ್ದೆನಲ್ಲ, ಮರೆತಿದ್ದಾಳೆ ಎಂದುಕೊಂಡೆ. ಆಮೇಲೆ ಅವಳು ಎಕ್ಸ್‌ಚೇಂಜಿನವಳು ಎಂದು ನೆನಪಾಯಿತು. ಅವಳು ಈಗ ಕೇಳುತ್ತಿದ್ದದ್ದು ಎರಡನೆಯ ಕೆಲಸದ ವಿಷಯ, ಆ ಕಡೆಯವರದನ್ನು ಕೇಳಿಸಿಕೊಂಡೆಯಾ ಎಂದು. ಎರಡು ಅರ್ಥ ಬರುವ ಮಾತು ಕಂಡರೆ ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕುವುದು ನನ್ನ ಕೆಲಸ. ಅವತ್ತು ಹಾಕಲಿಲ್ಲ. ಅವಳ ಕೈಯನ್ನು, ನಳಿಗೆ ತಗಲದ ಹಾಗೆ, ಹಿಡಿದುಕೊಂಡೆ.

“ಕೇಳ್ದೆ, ಅತ್ತೆ,” ಎಂದೆ.